ಕಿಟಕಿಯ ಜಾಲರಿ ಹರಿದಿದೆಯೇ? ನಾವೇ ಹಾಕೋಣ

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಮಾತಿನ ಬರಹರೂಪ. ಕೇಳಲಾಗದವರಿಗಾಗಿ, ಕೇಳಿಯೂ ಅಳತೆಗಳನ್ನು ಬರೆದುಕೊಳ್ಳಲಾಗದವರಿಗಾಗಿ.)



ಇವತ್ತಿನ ನನ್ನ ವಿಷಯ ಬಹಳ ಸಣ್ಣದು. ನಿಮ್ಮ ಮನೆಯ ಕಿಟಕಿಗೆ ಹಾಕಿರುವ ಸೊಳ್ಳೆ ಜಾಲರಿ. ರೇಡಿಯೋ ಕೇಳುತ್ತಲೇ ಒಮ್ಮೆ ಕತ್ತೆತ್ತಿ ಅದನ್ನು ನೋಡಿ. ಮೂಲೆಯಲ್ಲಿ ರಬ್ಬರು ಕಿತ್ತು ಬಂದು ಜಾಲರಿ ನಾಲಿಗೆಯಂತೆ ಹೊರಗೆ ಇಳಿಬಿದ್ದಿದೆಯೇ? ಪಾರಿವಾಳದ ಉಗುರು ತಾಗಿ ನಡುವೆ ಸೀಳಿದೆಯೇ? ಬಟ್ಟೆ ಒಣಹಾಕುವ ಕೋಲು ಚುಚ್ಚಿ ಒಂದು ರೂಪಾಯಿ ನಾಣ್ಯದಷ್ಟು ತೂತಾಗಿದೆಯೇ? ಅಥವಾ, ಟಿ.ವಿ. ಕೇಬಲ್ಲಿನವನು ತಂತಿ ತೂರಿಸಲು ಕತ್ತರಿಸಿ, ಹಾಗೇ ಬಿಟ್ಟುಹೋದ ಕಿಂಡಿ ಇದೆಯೇ?

ಹತ್ತು ಮನೆಗಳಲ್ಲಿ ನೋಡಿದರೆ ಐದಾರು ಮನೆಗಳಲ್ಲಾದರೂ ಇಂಥದ್ದೊಂದು ಕಾಣಸಿಗುತ್ತದೆ. ನಮಗೆ ಅದು ಗೊತ್ತೂ ಇರುತ್ತದೆ. ಆ ತೂತಿಗೆ ಸೆಲ್ಲೋಟೇಪು ಅಂಟಿಸಿರುತ್ತೇವೆ, ಹಳೆಯ ಕರವಸ್ತ್ರ ತುರುಕಿರುತ್ತೇವೆ, ಪತ್ರಿಕೆಯ ಹಾಳೆ ಮಡಿಸಿ ಸಿಕ್ಕಿಸಿರುತ್ತೇವೆ. ಕೇಳಿದರೆ ಒಂದೇ ಉತ್ತರ: “ಅಲ್ಯೂಮಿನಿಯಂ ಕೆಲಸದವನಿಗೆ ಹೇಳಿದ್ದೇನೆ, ಬರುತ್ತೇನೆ ಅಂದಿದ್ದಾನೆ.” ಅವನು ಬರುವುದಿಲ್ಲ. ಅವನದೂ ತಪ್ಪಲ್ಲ ಬಿಡಿ. ಹೊಸ ಕಟ್ಟಡದಲ್ಲಿ ನೂರು ಕಿಟಕಿಯ ಕೆಲಸ ಹಿಡಿದವನಿಗೆ ಒಂದು ಜಾಲರಿಗಾಗಿ ಎರಡು ಬಸ್ಸು ಬದಲಿಸಿ ಬರುವುದು ಗಿಟ್ಟುವುದಿಲ್ಲ. ಹೀಗೆ ಒಂದು ಮಳೆಗಾಲ ಕಳೆಯುತ್ತದೆ, ಇನ್ನೊಂದು ಮಳೆಗಾಲ ಬರುತ್ತದೆ.

ಆದ್ದರಿಂದ ಇವತ್ತು ನಾನು ಹೇಳಹೊರಟಿರುವುದು ಇಷ್ಟೇ. ಈ ಕೆಲಸಕ್ಕೆ ಯಾರನ್ನೂ ಕಾಯಬೇಕಾಗಿಲ್ಲ. ಲಾಡಿ ಪೋಣಿಸಲು ಬಂದರೆ, ಪುಸ್ತಕಕ್ಕೆ ರಟ್ಟು ಹಾಕಲು ಬಂದರೆ, ಜಾಲರಿ ಹಾಕಲೂ ಬರುತ್ತದೆ. ಮೊದಲ ಸಲ ಒಂದೂವರೆ ಗಂಟೆ ಹಿಡಿಯಬಹುದು. ಎರಡನೆಯ ಕಿಟಕಿಗೆ ಅರ್ಧ ಗಂಟೆ ಸಾಕು.

ಕೆಲಸಕ್ಕೆ ಮೊದಲು, ಇದೇಕೆ ಇಷ್ಟು ಮುಖ್ಯ ಎಂಬುದನ್ನು ನೋಡೋಣ. ಹರಿದ ಜಾಲರಿ ಜಾಲರಿಯೇ ಇಲ್ಲದ ಕಿಟಕಿಗಿಂತ ಕೆಟ್ಟದ್ದು. ಜಾಲರಿ ಇಲ್ಲದಿದ್ದರೆ ಸಂಜೆಯಾಗುತ್ತಲೇ ಕಿಟಕಿ ಮುಚ್ಚುತ್ತೇವೆ, ಮಗುವಿಗೆ ಸೊಳ್ಳೆಪರದೆ ಕಟ್ಟುತ್ತೇವೆ, ಒಟ್ಟಿನಲ್ಲಿ ಎಚ್ಚರವಾಗಿರುತ್ತೇವೆ. ಜಾಲರಿ ಇದ್ದರೆ ಅದನ್ನು ನಂಬಿ ಗಾಜನ್ನು ಪೂರ್ತಿ ಸರಿಸಿ ಮಲಗುತ್ತೇವೆ. ಒಳಗಿನ ಉಸಿರಿನ ವಾಸನೆ, ಮೈಯ ಬಿಸಿ ಹಿಡಿದು ಬರುವ ಸೊಳ್ಳೆ ಆ ಒಂದು ತೂತನ್ನು ಹುಡುಕಿಕೊಳ್ಳುತ್ತದೆ. ಒಳಗೆ ಬಂದ ಮೇಲೆ ಉಳಿದ ಜಾಲರಿಯೇ ಅದಕ್ಕೆ ಗೋಡೆ. ಹೊರಗೆ ಹೋಗಲಾರದೆ ರಾತ್ರಿಯಿಡೀ ನಮ್ಮ ಜೊತೆಗೇ ಇರುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಸೊಳ್ಳೆ ಎಂದರೆ ಸಂಜೆಯ ಮಾತು, ಹಗಲು ಹೊತ್ತಿನಲ್ಲಿ ಚಿಂತೆಯಿಲ್ಲ ಎಂದು. ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆ ಕಚ್ಚುವುದು ರಾತ್ರಿ, ನಿಜ. ಆದರೆ ಡೆಂಗಿ ಮತ್ತು ಚಿಕೂನ್‌ಗುನ್ಯ ಹರಡುವ ಈಡಿಸ್ ಸೊಳ್ಳೆ ಹಗಲಿನದು. ಕಪ್ಪು ಕಾಲುಗಳ ಮೇಲೆ ಬಿಳಿ ಪಟ್ಟೆಗಳಿರುವ ಸಣ್ಣ ಸೊಳ್ಳೆ ಅದು. ಬೆಳಿಗ್ಗೆ ಬಿಸಿಲೇರುವ ಹೊತ್ತು ಮತ್ತು ಸಂಜೆ ಕತ್ತಲಾಗುವ ಮುಂಚಿನ ಹೊತ್ತು ಅದಕ್ಕೆ ಹೆಚ್ಚು ಇಷ್ಟ. ಅಂದರೆ ಮಕ್ಕಳು ಶಾಲೆಗೆ ತಯಾರಾಗುವ ಹೊತ್ತು, ಅಜ್ಜಿ ಸೊಪ್ಪು ಬಿಡಿಸುತ್ತ ಕೂತಿರುವ ಹೊತ್ತು. ಆಗ ಯಾರೂ ಸೊಳ್ಳೆಪರದೆಯೊಳಗೆ ಇರುವುದಿಲ್ಲ. ಆ ಹೊತ್ತಿನಲ್ಲಿ ಮನೆಯನ್ನು ಕಾಯುವುದು ಕಿಟಕಿಯ ಜಾಲರಿಯೇ.

ಡೆಂಗಿಯನ್ನು ನೇರವಾಗಿ ಗುಣಪಡಿಸುವ ಔಷಧಿ ಇಲ್ಲ. ಜ್ವರ ಇಳಿಸುವುದು, ನೀರಿನಂಶ ಕಾಪಾಡುವುದು, ರಕ್ತ ಪರೀಕ್ಷೆ ಮಾಡಿಸುತ್ತ ಎಚ್ಚರವಾಗಿರುವುದು, ಇಷ್ಟೇ ಚಿಕಿತ್ಸೆ. ಅದರ ವೈರಸ್ಸಿನಲ್ಲಿ ನಾಲ್ಕು ಬಗೆ. ಒಮ್ಮೆ ಒಂದು ಬಗೆಯದು ಬಂದುಹೋದವರಿಗೆ ಎರಡನೆಯ ಸಲ ಬೇರೆ ಬಗೆಯದು ಬಂದರೆ ಕಾಯಿಲೆ ಹೆಚ್ಚು ಜೋರಾಗುವ ಅಪಾಯವಿದೆ. ಮನೆಯಲ್ಲಿ ಒಬ್ಬರಿಗೆ ಡೆಂಗಿ ಬಂದಿದ್ದರೆ, ಅವರನ್ನು ಕಚ್ಚಿದ ಸೊಳ್ಳೆ ಒಂದು ವಾರ ಹತ್ತು ದಿನದಲ್ಲಿ ಅದೇ ಮನೆಯ ಇನ್ನೊಬ್ಬರಿಗೆ, ಪಕ್ಕದ ಮನೆಯ ಮಗುವಿಗೆ ಅದನ್ನು ದಾಟಿಸಬಲ್ಲದು. ಆದ್ದರಿಂದ ರೋಗಿಯ ಕೋಣೆಯ ಜಾಲರಿ ರೋಗಿಗಿಂತ ಹೆಚ್ಚಾಗಿ ಉಳಿದವರಿಗಾಗಿ.

ಸೊಳ್ಳೆಯನ್ನು ತಡೆದರೆ ಕಾಯಿಲೆಯನ್ನೂ ತಡೆಯಬಹುದು ಎಂಬುದು ತಿಳಿದದ್ದು ನಮ್ಮ ನೆಲದ ನಂಟಿನಿಂದಲೇ. ರೊನಾಲ್ಡ್ ರಾಸ್ ಎಂಬ ಸೈನ್ಯದ ವೈದ್ಯರು 1883ರಲ್ಲಿ ಬೆಂಗಳೂರಿನಲ್ಲಿದ್ದರು. ನಿಂತ ನೀರು ಸಿಗದ ಹಾಗೆ ಮಾಡಿದರೆ ಸೊಳ್ಳೆಗಳನ್ನು ಕಡಿಮೆ ಮಾಡಬಹುದು ಎಂಬುದನ್ನು ಅವರು ಗಮನಿಸಿದ್ದು ಅಲ್ಲಿ. ಮುಂದೆ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ, ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಜೀವಿಯನ್ನು ಅವರೇ ಕಂಡರು. ಹೈದರಾಬಾದಿನ ಕೇಳುಗರಿಗೆ ಬೇಗಂಪೇಟೆಯಲ್ಲಿ ಅವರ ಹೆಸರಿನ ಕಟ್ಟಡ ಪರಿಚಯವಿರಬಹುದು. 1902ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಆಗಸ್ಟ್ 20 ಈಗಲೂ ವಿಶ್ವ ಸೊಳ್ಳೆ ದಿನ.

ಅದಾದ ಮೂರು ವರ್ಷಕ್ಕೆ, 1900ರಲ್ಲಿ, ಇಟಲಿಯ ರೋಮ್ ಬಳಿ ಒಂದು ಪ್ರಯೋಗ ನಡೆಯಿತು. ಮಲೇರಿಯಾಕ್ಕೆ ಕುಖ್ಯಾತವಾದ ಜೌಗು ಪ್ರದೇಶದಲ್ಲಿ ಕಿಟಕಿ ಬಾಗಿಲುಗಳಿಗೆ ಜಾಲರಿ ಬಿಗಿದ ಒಂದು ಗುಡಿಸಲು ಕಟ್ಟಿದರು. ಲೋ ಮತ್ತು ಸಂಬೋನ್ ಎಂಬ ಇಬ್ಬರು ವೈದ್ಯರು ಮಲೇರಿಯಾದ ಕಾಲವನ್ನು ಅದರಲ್ಲೇ ಕಳೆದರು. ಹಗಲಲ್ಲಿ ಊರೆಲ್ಲ ಓಡಾಡಿದರು. ಸೂರ್ಯ ಮುಳುಗುವ ಮೊದಲು ಜಾಲರಿಯೊಳಗೆ ಸೇರಿಕೊಂಡರು. ಸುತ್ತಲಿನ ಜನ ಜ್ವರದಲ್ಲಿ ಮಲಗಿದ್ದರೂ ಇವರಿಗೆ ಮಲೇರಿಯಾ ತಗುಲಲಿಲ್ಲ. ಗುಳಿಗೆಯಲ್ಲ, ಲಸಿಕೆಯಲ್ಲ, ಬರೀ ಜಾಲರಿ. ಆದರೆ ಅದರಲ್ಲಿ ತೂತಿರಲಿಲ್ಲ ಎಂಬುದನ್ನು ನೆನಪಿಡಿ.

ಸರಿ, ಇನ್ನು ಕೆಲಸಕ್ಕೆ ಬರೋಣ. ಕಾಗದ ಪೆನ್ಸಿಲು ಹತ್ತಿರವಿದ್ದರೆ ತೆಗೆದುಕೊಳ್ಳಿ.

ಮಹಾನಗರಗಳ ಫ್ಲ್ಯಾಟುಗಳಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಕಿಟಕಿಗಳಿರುತ್ತವೆ. ಒಂದು, ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿ. ಮೂರು ಹಳಿಗಳ ಮೇಲೆ ಎರಡು ಗಾಜಿನ ಕದ, ಒಂದು ಜಾಲರಿಯ ಕದ ಓಡಾಡುತ್ತವೆ. ಎರಡು, ಹಳೆಯ ಚಾಳುಗಳಲ್ಲಿ, ಸರ್ಕಾರಿ ಕ್ವಾರ್ಟರ್ಸುಗಳಲ್ಲಿ ಇರುವ ಮರದ ಕಿಟಕಿ. ಇದರಲ್ಲಿ ಜಾಲರಿಯನ್ನು ಮರದ ಪಟ್ಟಿಯಿಂದ ಒತ್ತಿ ಮೊಳೆ ಹೊಡೆದಿರುತ್ತಾರೆ. ಮೂರು, ಬರೀ ಕಬ್ಬಿಣದ ಸರಳಿನ ಕಿಟಕಿ. ಅದಕ್ಕೆ ವೆಲ್ಕ್ರೋ ಪಟ್ಟಿ ಅಂಟಿಸಿ ಜಾಲರಿ ತಗುಲಿಸಬಹುದು. ಹೆಚ್ಚಿನವರ ಮನೆಯಲ್ಲಿರುವುದು ಮೊದಲನೆಯದು. ಅದನ್ನೇ ವಿವರವಾಗಿ ಹೇಳುತ್ತೇನೆ.

ಜಾಲರಿಯ ಕದವನ್ನು ಹತ್ತಿರದಿಂದ ನೋಡಿ. ಚೌಕಟ್ಟಿನ ಸುತ್ತಲೂ ಸಣ್ಣ ಕಾಲುವೆಯ ಹಾಗೆ ಒಂದು ತೋಡು ಇರುತ್ತದೆ. ಜಾಲರಿಯ ಅಂಚು ಆ ತೋಡಿನೊಳಗೆ ಹೋಗಿರುತ್ತದೆ. ಅದರ ಮೇಲೆ ಹಗ್ಗದಂಥ ಒಂದು ರಬ್ಬರನ್ನು ಒತ್ತಿ ಕೂರಿಸಿರುತ್ತಾರೆ. ಮೊಳೆಯಿಲ್ಲ, ಅಂಟಿಲ್ಲ. ಲಂಗದ ಲಾಡಿಯ ಹಾಗೆ ಆ ರಬ್ಬರೇ ಎಲ್ಲವನ್ನೂ ಹಿಡಿದಿಟ್ಟಿರುತ್ತದೆ. ರಬ್ಬರು ತೆಗೆದರೆ ಜಾಲರಿ ಬಿಚ್ಚಿಕೊಳ್ಳುತ್ತದೆ, ರಬ್ಬರು ಒತ್ತಿದರೆ ಜಾಲರಿ ಕೂರುತ್ತದೆ. ಈ ಗುಟ್ಟು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಮೊದಲು ಅಳತೆ. ಚೌಕಟ್ಟಿನ ಒಳಗಿನ ಅಗಲ ಮತ್ತು ಎತ್ತರವನ್ನು ತೋಡಿನಿಂದ ತೋಡಿಗೆ ಅಳೆಯಿರಿ. ಎರಡು ಕಡೆಗೂ ಹತ್ತು ಹತ್ತು ಸೆಂಟಿಮೀಟರ್ ಸೇರಿಸಿ. ಅಂದರೆ ಪ್ರತಿ ಅಂಚಿನಲ್ಲೂ ಐದು ಸೆಂಟಿಮೀಟರ್ ಹೆಚ್ಚಿಗೆ ಬಂತು. ಉದಾಹರಣೆಗೆ, ಅಗಲ 60, ಎತ್ತರ 120 ಸೆಂಟಿಮೀಟರ್ ಇದ್ದರೆ, ಜಾಲರಿ 70ಕ್ಕೆ 130 ಬೇಕು. ರಬ್ಬರಿಗೆ ಸುತ್ತಳತೆ ಲೆಕ್ಕ ಹಾಕಿ. 60 ಮತ್ತು 120 ಕೂಡಿಸಿದರೆ 180, ಅದರ ಎರಡರಷ್ಟು 360. ಅಂಗಡಿಯಲ್ಲಿ ನಾಲ್ಕು ಮೀಟರ್ ಕೇಳಿ. ಸ್ವಲ್ಪ ಮಿಕ್ಕಿದರೆ ಪರವಾಗಿಲ್ಲ, ಒಂದು ಗೇಣು ಕಡಿಮೆ ಬಿದ್ದರೆ ಮತ್ತೆ ಮಾರ್ಕೆಟ್ಟಿಗೆ ಹೋಗಬೇಕು.

ರಬ್ಬರಿನ ದಪ್ಪ ಎಲ್ಲ ಕಿಟಕಿಗಳಲ್ಲೂ ಒಂದೇ ಅಲ್ಲ. ಅದನ್ನು ಬಾಯಿಮಾತಿನಲ್ಲಿ ವಿವರಿಸಲು ಹೋಗಬೇಡಿ. ಹಳೆಯ ರಬ್ಬರಿನ ಎರಡಂಗುಲ ತುಂಡು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು ಹೋಗಿ ತೋರಿಸಿ. ಮೊದಲಿಗಿಂತ ದಪ್ಪನೆಯ ಜಾಲರಿ ಕೊಂಡರೆ ರಬ್ಬರು ಒಂದು ಅಳತೆ ತೆಳ್ಳಗಿರಬೇಕು. ಇಲ್ಲದಿದ್ದರೆ ಎರಡೂ ತೋಡಿನಲ್ಲಿ ಹಿಡಿಸುವುದಿಲ್ಲ. ಹಳೆಯ ರಬ್ಬರನ್ನೇ ಮತ್ತೆ ಹಾಕಬಹುದೇ ಎಂದು ಕೇಳುತ್ತೀರಿ. ಬಾಗಿಸಿ ನೋಡಿ. ಬಿರುಕು ಬಿಟ್ಟರೆ, ಕಟ್ಟಿಗೆಯಂತೆ ಬಿರುಸಾಗಿದ್ದರೆ ಬಿಸಾಡಿ.

ಇನ್ನು ಯಾವ ಜಾಲರಿ ಕೊಳ್ಳಬೇಕು? ಅಂಗಡಿಯಲ್ಲಿ ಮುಖ್ಯವಾಗಿ ನಾಲ್ಕು ಬಗೆ ಸಿಗುತ್ತವೆ. ನೈಲಾನ್ ಅಥವಾ ಪ್ಲಾಸ್ಟಿಕ್ಕಿನದು ಅಗ್ಗ, ಆದರೆ ಬಿಸಿಲಿಗೆ ಬೇಗ ಸತ್ವ ಕಳೆದುಕೊಂಡು ಹಪ್ಪಳದಂತೆ ಮುರಿಯುತ್ತದೆ. ಫೈಬರ್‌ಗ್ಲಾಸ್ ಜಾಲರಿ ಮೆತ್ತಗಿರುತ್ತದೆ, ತುಕ್ಕು ಹಿಡಿಯುವುದಿಲ್ಲ, ಮಡಿಕೆ ಬಿದ್ದರೂ ಮತ್ತೆ ನೇರವಾಗುತ್ತದೆ. ಮೊದಲ ಸಲ ಕೈಹಾಕುವವರಿಗೆ ಇದೇ ಒಳ್ಳೆಯದು. ಅಲ್ಯೂಮಿನಿಯಂ ಜಾಲರಿ ಗಟ್ಟಿ, ಆದರೆ ಒಮ್ಮೆ ಮಡಿಕೆ ಬಿದ್ದರೆ ಆ ಗೆರೆ ಹೋಗುವುದಿಲ್ಲ. ನಾಲ್ಕನೆಯದು ಸ್ಟೇನ್‌ಲೆಸ್ ಸ್ಟೀಲ್. ಬೆಲೆ ಹೆಚ್ಚು, ಬಾಳಿಕೆಯೂ ಹೆಚ್ಚು. ಅಡುಗೆಮನೆಯ ಕಿಟಕಿಗೆ ಇಲಿ ಕಾಟ ಇರುವವರು ಇದಕ್ಕೇ ದುಡ್ಡು ಹಾಕಬೇಕು, ಫೈಬರ್‌ಗ್ಲಾಸನ್ನು ಇಲಿ ಒಂದೇ ರಾತ್ರಿಯಲ್ಲಿ ಕಡಿಯುತ್ತದೆ. ಮುಂಬಯಿ, ಚೆನ್ನೈಯಲ್ಲಿ ಕಡಲಿನ ಹತ್ತಿರ ಇರುವವರು ಸಾದಾ ಕಬ್ಬಿಣದ ಜಾಲರಿಯ ತಂಟೆಗೇ ಹೋಗಬೇಡಿ. ಉಪ್ಪುಗಾಳಿಗೆ ಅದು ಉಳಿಯುವುದಿಲ್ಲ. ಅಲ್ಯೂಮಿನಿಯಂ ಮೇಲೂ ಅಲ್ಲಿ ಬಿಳಿ ಪುಡಿಯಂಥದ್ದು ಕೂರುತ್ತದೆ.

ಕಣ್ಣಿನ ಅಳತೆಯನ್ನೂ ಕೇಳಿ. ಸೊಳ್ಳೆಗೆ ಸಾಮಾನ್ಯವಾಗಿ ಬಳಸುವುದು 18ಕ್ಕೆ 16ರ ಜಾಲರಿ. ಅಂದರೆ ಒಂದು ಅಂಗುಲದಲ್ಲಿ ಒಂದು ದಿಕ್ಕಿಗೆ 18, ಇನ್ನೊಂದು ದಿಕ್ಕಿಗೆ 16 ಎಳೆಗಳು. ನಡುವಿನ ಕಂಡಿ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಸೊಳ್ಳೆ ನುಸುಳದು, ಗಾಳಿ ಬರುತ್ತದೆ. ಇದಕ್ಕಿಂತ ಸಣ್ಣ ಕಣ್ಣಿನದು ಇನ್ನೂ ಒಳ್ಳೆಯದಲ್ಲವೇ ಎಂದರೆ, ಕೋಣೆಗೆ ಗಾಳಿ ಕಡಿಮೆಯಾಗುತ್ತದೆ, ಸೆಖೆ ತಡೆಯಲಾರದೆ ನೀವೇ ಜಾಲರಿ ಸರಿಸಿಬಿಡುತ್ತೀರಿ. ಹಾಗೆಯೇ ಗಿಡಗಳಿಗೆ ನೆರಳಿಗಾಗಿ ಕಟ್ಟುವ ಹಸಿರು ಬಲೆ, ಪಾರಿವಾಳಕ್ಕೆಂದು ಬಾಲ್ಕನಿಗೆ ಕಟ್ಟುವ ಬಲೆ, ಇವೆರಡೂ ಸೊಳ್ಳೆಗೆ ಲೆಕ್ಕಕ್ಕಿಲ್ಲ. ಬಣ್ಣದ ವಿಷಯದಲ್ಲಿ, ಬಿಳಿಗಿಂತ ಕಪ್ಪು ಅಥವಾ ಬೂದು ಜಾಲರಿಯ ಮೂಲಕ ಹೊರಗಿನ ನೋಟ ಸ್ಪಷ್ಟವಾಗಿ ಕಾಣುತ್ತದೆ.

ಅಂಗಡಿಯಲ್ಲಿ ಏನೆಂದು ಕೇಳುವುದು ಎಂಬುದೂ ನಮಗೊಂದು ಸಮಸ್ಯೆ. ಸೊಳ್ಳೆ ಎಂಬ ಮಾತಿಗೇ ನಮ್ಮಲ್ಲಿ ಎಷ್ಟು ರೂಪ! ಕರಾವಳಿಯ ಕಡೆ ನುಸಿ ಎನ್ನುವವರಿದ್ದಾರೆ, ತುಳುವಿನಲ್ಲಿ ಉಮಿಲ್. ಇಲ್ಲಿ ಹೊರನಾಡಿನಲ್ಲಿ ಇನ್ನೂ ಬೇರೆ. ಮುಂಬಯಿ, ಪುಣೆ, ದೆಹಲಿಯ ಅಂಗಡಿಗಳಲ್ಲಿ “ಮಚ್ಛರ್ ಜಾಲಿ” ಎಂದರೆ ಸಾಕು. ಚೆನ್ನೈಯಲ್ಲಿ ಸೊಳ್ಳೆಗೆ ಕೊಸು, ಹೈದರಾಬಾದಿನಲ್ಲಿ ದೋಮ. ಯಾವುದೂ ಬಾಯಿಗೆ ಬರದಿದ್ದರೆ, ಸ್ಲೈಡಿಂಗ್ ಕಿಟಕಿಯ ಮೆಶ್ ಮತ್ತು ಅದರ ರಬ್ಬರ್ ಎನ್ನಿ. ಹಾರ್ಡ್‌ವೇರ್ ಅಂಗಡಿಗಿಂತ ಅಲ್ಯೂಮಿನಿಯಂ ಸೆಕ್ಷನ್ ಮಾರುವ ಅಂಗಡಿಯಲ್ಲಿ ಎರಡೂ ಒಟ್ಟಿಗೆ ಸಿಗುವ ಸಾಧ್ಯತೆ ಹೆಚ್ಚು.

ಅಲ್ಲಿಯೇ ಇನ್ನೊಂದು ಸಣ್ಣ ಸಲಕರಣೆ ಕೇಳಿ. ಮರದ ಅಥವಾ ಪ್ಲಾಸ್ಟಿಕ್ಕಿನ ಹಿಡಿ, ಎರಡು ತುದಿಗಳಲ್ಲೂ ಪುಟ್ಟ ಚಕ್ರ. ಒಂದು ಚಕ್ರದ ಅಂಚು ಉಬ್ಬಿರುತ್ತದೆ, ಇನ್ನೊಂದರ ಅಂಚಿನಲ್ಲಿ ತಗ್ಗು ಇರುತ್ತದೆ. ತಗ್ಗಿನ ಚಕ್ರ ರಬ್ಬರಿನ ಮೇಲೆ ಕೂತು ಅದನ್ನು ತೋಡಿನೊಳಗೆ ಒತ್ತುತ್ತದೆ. ಕರಿಗಡುಬಿನ ಅಂಚು ಕತ್ತರಿಸುವ ಚಕ್ರ ಹಿಡಿದವರಿಗೆ ಇದು ಹೊಸದೇನಲ್ಲ. ಇದು ಸಿಗದಿದ್ದರೆ ಮೊಂಡಾದ ಸ್ಕ್ರೂಡ್ರೈವರಿನಲ್ಲೂ ಕೆಲಸ ಆಗುತ್ತದೆ, ಆದರೆ ಕೈ ಜಾರಿದರೆ ಹೊಸ ಜಾಲರಿ ಹರಿಯುತ್ತದೆ. ಇನ್ನು ಬೇಕಾಗುವುದು ಒಂದು ಕತ್ತರಿ, ಒಂದು ಕಟರ್ ಚಾಕು, ಬಟ್ಟೆ ಒಣಹಾಕುವ ಏಳೆಂಟು ಕ್ಲಿಪ್ಪು, ಒಂದು ಹಳೆಯ ಹಲ್ಲುಜ್ಜುವ ಬ್ರಶ್ಶು. ಇಷ್ಟೆ.

ಈಗ ಕದ ತೆಗೆಯುವುದು. ಇಲ್ಲಿ ಸ್ವಲ್ಪ ನಿಧಾನವಾಗಿ ಕೇಳಿ, ಏಕೆಂದರೆ ಇಡೀ ಕೆಲಸದಲ್ಲಿ ಅಪಾಯವಿರುವುದು ಈ ಒಂದು ಕಡೆ. ನಾವಿರುವುದು ನಾಲ್ಕನೆಯ ಮಹಡಿ, ಹತ್ತನೆಯ ಮಹಡಿ. ಮನೆಯಲ್ಲಿ ಇಬ್ಬರಿದ್ದಾಗ ಮಾತ್ರ ಮಾಡಿ. ಮಕ್ಕಳನ್ನು ಬೇರೆ ಕೋಣೆಯಲ್ಲಿಡಿ. ಕಿಟಕಿಯ ಕಟ್ಟೆಯ ಮೇಲೆ ಹತ್ತಬೇಡಿ, ಹೊರಗೆ ಬಾಗಬೇಡಿ. ಕೆಲಸ ಮುಗಿಯುವ ತನಕ ಜಾಲರಿ ಕದದ ಚೌಕಟ್ಟಿಗೆ ಒಂದು ಗಟ್ಟಿ ದಾರ ಕಟ್ಟಿ, ಅದರ ಇನ್ನೊಂದು ತುದಿಯನ್ನು ಒಳಗೆ ಯಾವುದಾದರೂ ಭಾರದ ವಸ್ತುವಿಗೆ ಬಿಗಿಯಿರಿ. ಕೈ ಜಾರಿದರೂ ಕದ ಕೆಳಗೆ ನಡೆದುಹೋಗುವವರ ತಲೆಯ ಮೇಲೆ ಬೀಳಬಾರದು. ಜಾಲರಿ ಎಲ್ಲಕ್ಕಿಂತ ಹೊರಗಿನ ಹಳಿಯಲ್ಲಿದ್ದು, ಹೊರಗಡೆ ಗ್ರಿಲ್ ಇಲ್ಲದಿದ್ದರೆ ಕದ ತೆಗೆಯುವುದನ್ನು ಕೆಲಸದವರಿಗೇ ಬಿಡಿ. ಧೈರ್ಯ ತೋರಿಸುವ ಜಾಗ ಅದಲ್ಲ.

ಒಳಗಿನ ಹಳಿಯಲ್ಲಿದ್ದರೆ ಕೆಲಸ ಸುಲಭ. ಕದವನ್ನು ಕಿಟಕಿಯ ನಡುವಿಗೆ ಸರಿಸಿ, ಎರಡೂ ಬದಿ ಹಿಡಿದು ನೇರವಾಗಿ ಮೇಲಕ್ಕೆ ಎತ್ತಿ. ಮೇಲಿನ ಹಳಿಯಲ್ಲಿ ಅರ್ಧ ಅಂಗುಲದಷ್ಟು ಜಾಗ ಇರುತ್ತದೆ. ಕೆಳಗಿನ ಚಕ್ರ ಹಳಿ ಬಿಟ್ಟ ಕೂಡಲೇ ಕೆಳಭಾಗವನ್ನು ನಿಮ್ಮ ಕಡೆಗೆ ಎಳೆದು ಇಳಿಸಿ. ಏಳದಿದ್ದರೆ ಬಲ ಹಾಕಬೇಡಿ. ಕೆಳಗಿನ ಚಕ್ರಗಳನ್ನು ಏರಿಸಿ ಇಳಿಸುವ ಸ್ಕ್ರೂ ಬದಿಯಲ್ಲಿರಬಹುದು, ಅಥವಾ ಕದ ಏಳದಂತೆ ಮೇಲೆ ಒಂದು ತುಂಡು ಬಿಗಿದಿರಬಹುದು. ಅದನ್ನು ಸಡಿಲಿಸಿ. ಕದ ಒಳಗೆ ಬಂದ ತಕ್ಷಣ ಗಾಜು ಮುಚ್ಚಿಬಿಡಿ.

ಕದವನ್ನು ನೆಲದ ಮೇಲೆ, ರಬ್ಬರು ಮೇಲೆ ಬರುವಂತೆ ಮಲಗಿಸಿ. ಒಂದು ಮೂಲೆಯಲ್ಲಿ ರಬ್ಬರಿನ ತುದಿಯನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಿ ಎಳೆಯಿರಿ. ಹುರುಳಿಕಾಯಿಯ ನಾರು ಬಂದಂತೆ ಸರಾಗವಾಗಿ ಬರುತ್ತದೆ. ಹಳೆಯ ಜಾಲರಿಯನ್ನು ಮಡಿಸಿ ಪತ್ರಿಕೆಯಲ್ಲಿ ಸುತ್ತಿಡಿ. ಈಗ ಹಲ್ಲುಜ್ಜುವ ಬ್ರಶ್ಶಿನಿಂದ ತೋಡನ್ನು ಉಜ್ಜಿ. ವರ್ಷಗಳ ಧೂಳು ಅಲ್ಲಿ ಕೂತಿರುತ್ತದೆ. ಅದರ ಮೇಲೆಯೇ ರಬ್ಬರು ಒತ್ತಿದರೆ ಆಳಕ್ಕೆ ಇಳಿಯದೆ ನಾಲ್ಕು ತಿಂಗಳಲ್ಲಿ ಎದ್ದು ಬರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಒಣಗಲು ಬಿಡಿ.

ಹೊಸ ಜಾಲರಿಯನ್ನು ಚೌಕಟ್ಟಿನ ಮೇಲೆ ಹರಡಿ. ಸೀರೆಗೆ ಫಾಲ್ ಹಚ್ಚುವಾಗ ಎಳೆ ನೋಡುವುದಿಲ್ಲವೇ, ಹಾಗೆ ಇಲ್ಲಿಯೂ ಜಾಲರಿಯ ಎಳೆ ಚೌಕಟ್ಟಿನ ಅಂಚಿಗೆ ಸಮನಾಗಿ ಓಡುತ್ತಿದೆಯೇ ನೋಡಿ. ಆರಂಭದಲ್ಲಿ ಓರೆಯಾದರೆ ಕೊನೆಯ ಮೂಲೆಯಲ್ಲಿ ಸುಕ್ಕು ಬಂದೇ ಬರುತ್ತದೆ. ಸರಿಯಾಗಿ ಕೂತ ಮೇಲೆ ಬಟ್ಟೆ ಕ್ಲಿಪ್ಪು ಹಾಕಿ ಅಲ್ಲಲ್ಲಿ ಹಿಡಿಸಿ.

ಉದ್ದನೆಯ ಬದಿಯ ಒಂದು ಮೂಲೆಯಿಂದ ಶುರು ಮಾಡಿ. ರಬ್ಬರಿನ ತುದಿಯನ್ನು ಜಾಲರಿಯ ಮೇಲೆ, ತೋಡಿನ ನೇರಕ್ಕೆ ಇಟ್ಟು ಒತ್ತಿ. ನಂತರ ತಗ್ಗಿನ ಚಕ್ರ ಹಿಡಿದು ಒಂದೊಂದು ಗೇಣಿನಂತೆ ಮುಂದೆ ಹೋಗಿ. ಉದ್ದಕ್ಕೆ ಒಮ್ಮೆಲೇ ಓಡಿಸಬೇಡಿ. ಮೂಲೆ ಬಂದಾಗ ಚಕ್ರ ತಿರುಗುವುದಿಲ್ಲ, ಅಲ್ಲಿ ಮೊಂಡು ಸ್ಕ್ರೂಡ್ರೈವರಿನಿಂದ ಒತ್ತಿ. ಮೂಲೆಯಲ್ಲಿ ರಬ್ಬರನ್ನು ಕತ್ತರಿಸದೆ ಬಾಗಿಸಿ ಮುಂದಿನ ಬದಿಗೆ ತೆಗೆದುಕೊಂಡು ಹೋಗಿ. ನಾಲ್ಕೂ ಬದಿ ಸುತ್ತಿ ಶುರುವಿನ ಜಾಗಕ್ಕೆ ಬಂದಾಗ ಮಾತ್ರ ಕತ್ತರಿ. ಅಲ್ಯೂಮಿನಿಯಂ ಅಥವಾ ಸ್ಟೀಲ್ ಜಾಲರಿಯಾದರೆ ರಬ್ಬರಿಗೆ ಮೊದಲು ಉಬ್ಬಿನ ಚಕ್ರದಿಂದ ಜಾಲರಿಯನ್ನು ಮೆಲ್ಲಗೆ ತೋಡಿನೊಳಗೆ ಮಡಿಸಿಕೊಳ್ಳಬೇಕು. ಫೈಬರ್‌ಗ್ಲಾಸಿಗೆ ಅದು ಬೇಡ.

ಇಲ್ಲಿ ಎರಡು ಎಚ್ಚರಿಕೆ. ಒಂದು, ರಬ್ಬರನ್ನು ಎಳೆದು ಹಿಗ್ಗಿಸುತ್ತ ಕೂರಿಸಬೇಡಿ. ಆಮೇಲೆ ಅದು ತನ್ನ ಅಳತೆಗೆ ಕುಗ್ಗಿ ಮೂಲೆಗಳಲ್ಲಿ ಹೊರಬರುತ್ತದೆ. ಎರಡು, ಜಾಲರಿಯನ್ನು ತಬಲಾದ ಹಾಗೆ ಬಿಗಿಯಬೇಕೆಂಬ ಆಸೆ ಬೇಡ. ತೆಳುವಾದ ಅಲ್ಯೂಮಿನಿಯಂ ಚೌಕಟ್ಟು ಆ ಎಳೆತಕ್ಕೆ ನಡುವಿನಲ್ಲಿ ಒಳಕ್ಕೆ ಬಾಗುತ್ತದೆ. ಬಾಗಿದ ಕದ ಹಳಿಯಲ್ಲಿ ಸರಿಯಾಗಿ ಕೂರದೆ ಬದಿಯಲ್ಲಿ ಸಂದಿ ಬಿಡುತ್ತದೆ. ಎದುರು ಬದಿ ಒತ್ತುವಾಗ ಅಂಗೈಯಿಂದ ನಯವಾಗಿ ಸವರಿ ಸುಕ್ಕು ಬಿಡಿಸಿದರೆ ಸಾಕು. ಉಳಿದ ಬಿಗಿಯನ್ನು ರಬ್ಬರು ತಾನಾಗಿ ಕೊಡುತ್ತದೆ. ಎಲ್ಲೋ ಸುಕ್ಕು ಉಳಿಯಿತೇ? ಗಾಬರಿ ಬೇಡ, ಆ ಬದಿಯ ರಬ್ಬರು ಎಬ್ಬಿಸಿ ಮತ್ತೆ ಒತ್ತಿ. ಎಷ್ಟು ಸಲ ಬೇಕಾದರೂ ಬಿಚ್ಚಿ ಕೂರಿಸಬಹುದು ಎಂಬುದೇ ಈ ಕೆಲಸದ ಸುಖ.

ಕೊನೆಗೆ ಹೆಚ್ಚಿನ ಅಂಚನ್ನು ಕತ್ತರಿಸುವುದು. ಚಾಕುವಿಗೆ ಹೊಸ ಅಲಗು ಹಾಕಿ. ರಬ್ಬರಿನ ಹೊರಮಗ್ಗುಲಲ್ಲಿ, ಅಲಗು ಹೊರಗಡೆಗೆ ವಾಲಿರುವಂತೆ ಹಿಡಿದು ಎಳೆಯಿರಿ. ಒಳಗಡೆಗೆ ವಾಲಿದರೆ ಹೊಸ ಜಾಲರಿಗೇ ಪೆಟ್ಟು. ಇನ್ನೊಂದು ಕೈಯ ಬೆರಳು ಅಲಗಿನ ದಾರಿಯಲ್ಲಿ ಇರಬಾರದು. ಸ್ಟೀಲ್ ಜಾಲರಿಯ ತುದಿಗಳು ಸೂಜಿಯಂತಿರುತ್ತವೆ, ಕೈಗವಸು ಹಾಕಿಕೊಳ್ಳಿ. ಫೈಬರ್‌ಗ್ಲಾಸಿನ ಚೂರುಗಳು ಚರ್ಮಕ್ಕೆ ತುರಿಕೆ ತರುತ್ತವೆ, ಆದ್ದರಿಂದ ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಕೈ ತೊಳೆಯಿರಿ. ಕದ ತೆಗೆದ ಕ್ರಮದಲ್ಲೇ ಹಿಂದುಮುಂದಾಗಿ ಅದನ್ನು ಹಳಿಗೆ ಸೇರಿಸಿ. ಮೊದಲು ಮೇಲಿನ ಹಳಿ, ಆಮೇಲೆ ಕೆಳಗಿನದು.

ಮರದ ಕಿಟಕಿಯವರಿಗೆ ಎರಡು ಮಾತು. ಪಟ್ಟಿಯನ್ನು ಚಪ್ಪಟೆ ಉಳಿಯಿಂದ ನಡುವಿನಿಂದ ಎಬ್ಬಿಸಿ, ತುದಿಯಿಂದ ಎಬ್ಬಿಸಿದರೆ ಸೀಳುತ್ತದೆ. ಹೊಸ ಜಾಲರಿಯನ್ನು ಮೊದಲು ಮೇಲಿನ ಅಂಚಿಗೆ, ನಂತರ ಕೆಳಗಿನ ಅಂಚಿಗೆ, ಆಮೇಲೆ ಬದಿಗಳಿಗೆ ಹಿಡಿಸಿ ಪಟ್ಟಿ ಹೊಡೆಯಿರಿ. ಸರಳಿನ ಕಿಟಕಿಗೆ ವೆಲ್ಕ್ರೋ ಹಚ್ಚುವವರು ಚೌಕಟ್ಟಿನ ಎಣ್ಣೆಜಿಡ್ಡು, ಧೂಳನ್ನು ಪೂರ್ತಿ ಒರೆಸಿ ಒಣಗಿಸಿಯೇ ಅಂಟಿಸಿ. ಅಡುಗೆಮನೆಯಲ್ಲಿ ವೆಲ್ಕ್ರೋ ನಿಲ್ಲುವುದಿಲ್ಲ ಎಂಬ ದೂರಿಗೆ ಕಾರಣ ಈ ಜಿಡ್ಡೇ.

ಇಡೀ ಜಾಲರಿ ಚೆನ್ನಾಗಿದ್ದು ಒಂದೇ ಒಂದು ತೂತು ಇದ್ದರೆ? ಪೂರ್ತಿ ಬದಲಿಸಬೇಕಿಲ್ಲ. ಫೈಬರ್‌ಗ್ಲಾಸ್ ಅಥವಾ ನೈಲಾನ್ ಜಾಲರಿಗೆ, ತೂತಿಗಿಂತ ಒಂದಂಗುಲ ದೊಡ್ಡದಾದ ತೇಪೆ ಇಟ್ಟು ನೈಲಾನ್ ದಾರದಲ್ಲಿ ಸುತ್ತ ಹೊಲಿಯಿರಿ. ಲೋಹದ ಜಾಲರಿಗೆ, ತೇಪೆಯ ನಾಲ್ಕೂ ಬದಿಯಲ್ಲಿ ಎರಡು ಮೂರು ಎಳೆ ಬಿಡಿಸಿ ಕಾಲು ಮಾಡಿ, ಜಾಲರಿಯೊಳಗೆ ತೂರಿಸಿ ಹಿಂದೆ ಮಡಿಸಿಬಿಡಿ. ಆದರೆ ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಜಾಲರಿ ಪುಡಿಪುಡಿಯಾದರೆ ಅದಕ್ಕೆ ತೇಪೆ ಹಾಕಿ ಪ್ರಯೋಜನವಿಲ್ಲ, ಅದರ ಆಯುಷ್ಯ ಮುಗಿದಿದೆ.

ಜಾಲರಿ ಹೊಸದಾದರೂ ಸೊಳ್ಳೆ ಬರುತ್ತಿದೆ ಎನ್ನುವವರು ಕದದ ಬದಿಯ ಬ್ರಶ್ ಪಟ್ಟಿಯನ್ನು ನೋಡಿ. ಜಾಲರಿ ಕದ ಮತ್ತು ಗಾಜಿನ ಕದ ಸಂಧಿಸುವಲ್ಲಿ ಸಣ್ಣ ಕೂದಲಿನಂಥ ಪಟ್ಟಿ ಇರುತ್ತದೆ. ಅದು ಸವೆದು ಬೋಳಾಗಿದ್ದರೆ ಅಲ್ಲಿಂದಲೇ ಸೊಳ್ಳೆ ನುಗ್ಗುತ್ತದೆ. ಇದೂ ಮೀಟರಿನ ಲೆಕ್ಕದಲ್ಲಿ ಸಿಗುತ್ತದೆ, ತೋಡಿನಲ್ಲಿ ತೂರಿಸಿದರೆ ಆಯಿತು. ಇನ್ನೊಂದು, ಗಾಜಿನ ಕದವನ್ನು ಅರ್ಧ ತೆರೆದಿಟ್ಟರೆ ಕೆಲವು ಕಿಟಕಿಗಳಲ್ಲಿ ಗಾಜಿಗೂ ಜಾಲರಿಗೂ ನಡುವೆ ಬೆರಳಗಲ ಸಂದಿ ಉಳಿಯುತ್ತದೆ. ತೆರೆಯುವುದಾದರೆ ಆ ಭಾಗವನ್ನು ಪೂರ್ತಿ ತೆರೆಯಿರಿ.

ಇಷ್ಟೆಲ್ಲ ಹೇಳಿದ ಮೇಲೆ ಜಾಲರಿಯಿಂದ ಆಗದ ಎರಡು ಕೆಲಸಗಳನ್ನೂ ಹೇಳಬೇಕು. ಮೊದಲನೆಯದು ಬಹಳ ಮುಖ್ಯ. ಜಾಲರಿ ಸೊಳ್ಳೆಯನ್ನು ತಡೆಯುತ್ತದೆ, ಮಗುವನ್ನು ತಡೆಯುವುದಿಲ್ಲ. ರಬ್ಬರಿನ ಹಿಡಿತ ಎಷ್ಟೆಂದು ಈಗ ನಿಮಗೆ ಗೊತ್ತಾಯಿತು. ಎರಡು ವರ್ಷದ ಮಗು ಒರಗಿದರೂ ಅದು ಕಿತ್ತುಬರುತ್ತದೆ. ಗ್ರಿಲ್ ಇಲ್ಲದ ಕಿಟಕಿಯ ಕೆಳಗೆ ಮಂಚ, ಕುರ್ಚಿ, ಸ್ಟೂಲು ಇಡಬೇಡಿ.

ಎರಡನೆಯದು, ಮನೆಯೊಳಗೇ ಹುಟ್ಟುವ ಸೊಳ್ಳೆ. 1911ರಲ್ಲಿಯೇ ಡಾ. ಬೆಂಟ್ಲಿ ಎಂಬವರು ಮುಂಬಯಿಯ ಮಲೇರಿಯಾ ಬಗ್ಗೆ ವರದಿ ಬರೆದು, ಸೊಳ್ಳೆಯ ಮೂಲ ದೂರದ ಜೌಗಿನಲ್ಲಲ್ಲ, ಮನೆಗಳ ಬಾವಿ ಮತ್ತು ನೀರಿನ ತೊಟ್ಟಿಗಳಲ್ಲಿದೆ ಎಂದು ತೋರಿಸಿದ್ದರು. ಇವತ್ತಿಗೂ ನಗರದ ಮಲೇರಿಯಾ ಸೊಳ್ಳೆಗೆ ಮಾಳಿಗೆಯ ಟ್ಯಾಂಕು ಪ್ರಿಯ. ಡೆಂಗಿಯ ಸೊಳ್ಳೆಗೆ ಕುಂಡದ ಕೆಳಗಿನ ತಟ್ಟೆ, ಫ್ರಿಜ್ಜಿನ ಹಿಂದಿನ ತಟ್ಟೆ, ಮನಿಪ್ಲಾಂಟ್ ಇಟ್ಟ ಬಾಟಲಿ ಸಾಕು. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಸುಮಾರು ಏಳರಿಂದ ಹತ್ತು ದಿನ. ಅದಕ್ಕೇ ವಾರಕ್ಕೊಮ್ಮೆ ಎಲ್ಲ ಪಾತ್ರೆ ಬರಿದು ಮಾಡಿ, ಒಳಮೈ ತಿಕ್ಕಿ ಒಣಗಿಸಬೇಕು. ತಿಕ್ಕುವುದನ್ನು ಬಿಡಬೇಡಿ. ನೀರಿನ ಗೆರೆಯ ಮೇಲೆ ಅಂಟಿಕೊಂಡ ಮೊಟ್ಟೆ ಒಣಗಿಯೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ.

ನಮ್ಮ ಸೊಸೈಟಿಯಲ್ಲಿ ಧಾರವಾಡದ ಕಡೆಯ ಒಬ್ಬ ಹಿರಿಯ ತಾಯಿ ಇದ್ದಾರೆ. ಒಂದು ಮಳೆಗಾಲದಲ್ಲಿ ಮೊಮ್ಮಗನಿಗೆ ಡೆಂಗಿ ಬಂದು ಐದು ದಿನ ಆಸ್ಪತ್ರೆಯಲ್ಲಿದ್ದ. ಮನೆಗೆ ಬಂದ ಮರುದಿನವೇ ಆ ತಾಯಿ ಸೊಸೆಯನ್ನು ಕೂರಿಸಿಕೊಂಡು ಮನೆಯ ನಾಲ್ಕೂ ಕಿಟಕಿಗಳ ಜಾಲರಿ ಬದಲಿಸಿದರು. “ಕೌದಿ ಹೊಲಿದಾಕಿಗೆ ಇದ್ಯಾವ ದೊಡ್ಡ ಕೆಲಸರೀ?” ಎಂದರು. ಆಮೇಲೆ ಜಾಲರಿ ಒಂದೂವರೆ ಮೀಟರ್ ಮಿಕ್ಕಿತ್ತು. ಅದನ್ನು ಎತ್ತಿಡಲಿಲ್ಲ. ಕೆಳಗೆ ಕಾವಲುಗಾರನ ಕೋಣೆಗೆ ಕಿಟಕಿಯಿತ್ತು, ಜಾಲರಿ ಇರಲಿಲ್ಲ. ರಾತ್ರಿಯಿಡೀ ಅಲ್ಲಿ ಕೂರುವವನೂ ಒಬ್ಬ ತಂದೆಯೇ ಎಂದು ಅದಕ್ಕೆ ಹೊಡೆಸಿದರು. ಸೊಳ್ಳೆಗೆ ಫ್ಲ್ಯಾಟಿನ ನಂಬರು ಗೊತ್ತಿಲ್ಲ. ಕೆಳಗಿನವನಿಗೆ ಬಂದ ಜ್ವರ ಮೇಲಿನವನಿಗೂ ಬರುತ್ತದೆ. ನಿಮ್ಮ ಮಹಡಿಯಲ್ಲಿ ಒಂಟಿಯಾಗಿರುವ ಹಿರಿಯರಿದ್ದರೆ, ನಿಮ್ಮ ಕಿಟಕಿ ಮುಗಿಸಿದ ದಿನವೇ ಅವರ ಕಿಟಕಿಯನ್ನೂ ಒಮ್ಮೆ ನೋಡಿಬನ್ನಿ. ಚಕ್ರದ ಸಲಕರಣೆ ಒಂದಿದ್ದರೆ ಇಡೀ ಕಟ್ಟಡಕ್ಕೆ ಆಗುತ್ತದೆ.

ಬಾಡಿಗೆ ಮನೆಯವರು ಮಾಲೀಕರಿಗೆ ಒಂದು ಮಾತು ತಿಳಿಸಿ ಮಾಡುವುದು ಒಳ್ಳೆಯದು. ಹಳೆಯ ಜಾಲರಿ ತೆಗೆದು ಹೊಸದು ಹಾಕಲು ಸಾಮಾನ್ಯವಾಗಿ ಯಾರೂ ಬೇಡವೆನ್ನುವುದಿಲ್ಲ. ಚೌಕಟ್ಟಿಗೆ ತೂತು ಕೊರೆಯುವ ಕೆಲಸವೂ ಇದರಲ್ಲಿ ಇಲ್ಲ.

ಹೊಸ ಜಾಲರಿ ಹಾಕಿದ ಮೇಲೆ ತಿಂಗಳಿಗೊಮ್ಮೆ ಮೆತ್ತನೆಯ ಬ್ರಶ್ಶಿನಲ್ಲಿ ಧೂಳು ಝಾಡಿಸಿ, ಸೋಪಿನ ನೀರಿನಲ್ಲಿ ಒರೆಸಿ. ಹಳಿಯ ಕೆಳಗೆ ಮಳೆನೀರು ಹೋಗಲು ಇರುವ ಸಣ್ಣ ಕಿಂಡಿಗಳನ್ನು ಕಡ್ಡಿಯಿಂದ ಚುಚ್ಚಿ ತೆರವು ಮಾಡಿ. ಮಳೆಗಾಲಕ್ಕೆ ಒಂದು ತಿಂಗಳು ಮುಂಚೆ ಮನೆಯ ಎಲ್ಲ ಜಾಲರಿಗಳ ಮೂಲೆಗಳನ್ನೂ ಬೆರಳಿನಿಂದ ಒತ್ತಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಉಪ್ಪಿನಕಾಯಿಯ ಭರಣಿ ನೋಡುವ ಹಾಗೆ, ಛತ್ರಿಯ ಕಡ್ಡಿ ನೋಡುವ ಹಾಗೆ ಇದೂ ವರ್ಷದ ಒಂದು ಕೆಲಸ.

ಬರುವ ಭಾನುವಾರ ಒಂದೇ ಒಂದು ಕಿಟಕಿ ಆರಿಸಿಕೊಳ್ಳಿ. ಮಕ್ಕಳು ಮಲಗುವ ಕೋಣೆಯದು ಮೊದಲು.